ಜ್ವರದ ದಿನಕ್ಕೆ ಎರಡು ನಿಮಿಷ

ಐದು ಗಂಟೆಗೆ ಎದ್ದದ್ದು. ಬಾಗಿಲಿಗೆ ನೀರು, ರಂಗೋಲಿ. ಹಸುವಿಗೆ ಹುಲ್ಲು ಹಾಕಿ, ಹಾಲು ಕರೆದು ಡೈರಿಗೆ ಕೊಟ್ಟು ಬಂದದ್ದು. ಹುಳುಮನೆಯ ಹೊಸಿಲಿಗೆ ಹಾಸಿದ ಗೋಣಿಚೀಲಕ್ಕೆ ಬ್ಲೀಚಿಂಗ್ ನೀರು. ಒಳಗೆ ಹೋಗಿ ನೋಡಿದ್ದು: ಎಲ್ಲ ಅಂಕಣದಲ್ಲೂ ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ, ಸೊಪ್ಪಿಲ್ಲ, ಸುಣ್ಣದ ಪುಡಿ ಮಾತ್ರ. ಅತ್ತೆಗೆ ಬಿಸಿನೀರು, ಬಿ.ಪಿ. ಮಾತ್ರೆ. ಉಪ್ಪಿಟ್ಟು. ಮನೆಯವರ ಡಬ್ಬಿಗೆ ಚಪಾತಿ, ನಮ್ಮ ಡಬ್ಬಿಗೆ ಮೊಸರನ್ನ. ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆ ದುಪ್ಪಟಿಯಲ್ಲಿ ಸುತ್ತಿ ಗಂಟು ಹಾಕಿದ್ದು. ಎಂಟು ಗಂಟೆ ಬಸ್ಸು.

ಆ ದಿನದ ಪುಟದಲ್ಲಿ ಇಷ್ಟನ್ನು ಬರೆದಿಟ್ಟಿದ್ದೇನೆ. ರೇಷ್ಮೆಹುಳು ಸಾಕುವವರ ಮನೆಯಲ್ಲಿ ಇಂಥದೊಂದು ಪುಸ್ತಕ ಇರುತ್ತದೆ. ಮರಿ ಯಾವತ್ತು ಬಂದವು, ದಿನಕ್ಕೆ ಎಷ್ಟು ಸಲ ಸೊಪ್ಪು ಬಿತ್ತು, ಜ್ವರ ಯಾವಾಗ, ಹಣ್ಣಾದದ್ದು ಯಾವಾಗ, ಇವು ಅದರಲ್ಲಿ ಬರಬೇಕು. ಪುಟದಲ್ಲಿ ಜಾಗ ಉಳಿಯುತ್ತಿತ್ತು ಅಂತ ನಾನು ಮನೆಯ ಕೆಲಸವನ್ನೂ ಬರೆಯುತ್ತಿದ್ದೆ. ಈಚೆಗೆ ಅಟ್ಟ ಗುಡಿಸುವಾಗ ಆ ವರ್ಷದ ಪುಸ್ತಕ ಸಿಕ್ಕಿತು. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುತ್ತದಂತೆ ಎಂದು ಬಸ್ಸಿನಲ್ಲಿ ಜನ ಮಾತಾಡಿಕೊಳ್ಳುತ್ತಿದ್ದರು. ಪುಟಗಳ ಅಂಚಿನಲ್ಲಿ ಅಲ್ಲಲ್ಲಿ ‘ಆಟ’ ಎಂದು ಬರೆದಿದೆ. ನಲವತ್ತೈದು ದಾಟಿದ ಮೇಲೆ ನಾನು ಕಂಪ್ಯೂಟರಿನಲ್ಲಿ ಆಟ ಆಡಿದ, ಒಂದು ಆಟ ಮಾಡುವುದಕ್ಕೂ ಕೈ ಹಾಕಿದ ವರ್ಷ ಅದು.

‘ಆಟ’ ಎಂದು ಬರೆದ ದಿನಗಳನ್ನು ನೋಡಿದರೆ ಎಲ್ಲವೂ ಜ್ವರದ ದಿನಗಳೇ. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುನ್ನ ಒಂದು ದಿನ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ತಿನ್ನುವುದಿಲ್ಲ, ಹರಿದಾಡುವುದಿಲ್ಲ. ಇದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಮೊದಲ ಎರಡು ಜ್ವರ ಮರಿ ಕೊಡುವವರ ಹತ್ತಿರವೇ ಮುಗಿದಿರುತ್ತವೆ. ಮೂರನೆಯದು, ನಾಲ್ಕನೆಯದು ನಮ್ಮ ಮನೆಯಲ್ಲಿ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು. ಹಾಕಿದರೆ ಮುಂಚೆ ಎದ್ದ ಹುಳು ತಿಂದು ದಪ್ಪವಾಗುತ್ತವೆ, ಹಿಂದೆ ಬಿದ್ದವು ಹಿಂದೆಯೇ ಉಳಿಯುತ್ತವೆ, ಬೆಳೆ ಏರುಪೇರಾಗುತ್ತದೆ. ಹಾಗಾಗಿ ಜ್ವರದ ದಿನ ಎಂದರೆ ಕೈಗೆ ಕೆಲಸ ಇಲ್ಲದ ದಿನ. ನಮ್ಮ ಮನೆಯಲ್ಲಿ ಅವತ್ತು ಬಾಗಿಲನ್ನು ಧಡಾರನೆ ಹಾಕುವಂತಿಲ್ಲ, ಒರಳಲ್ಲಿ ಕುಟ್ಟುವಂತಿಲ್ಲ. ಅತ್ತೆಯ ಕಾಲದಿಂದ ಬಂದ ರೂಢಿ.

ಕಂಪ್ಯೂಟರ್ ಬಂದದ್ದು ಮಗಳಿಗೆ. ಅವಳು ಚಿಕ್ಕಬಳ್ಳಾಪುರದಲ್ಲಿ ಡಿಪ್ಲೊಮಾ ಓದುತ್ತಿದ್ದಳು. ಗಣಿತದಲ್ಲಿ ಫೇಲಾಗಿ ಅದಾಗಲೇ ಒಂದು ವರ್ಷ ಕಳೆದುಕೊಂಡಿದ್ದಳು. ಮನೆಯಲ್ಲಿ ಮೆಶೀನಿದ್ದರೆ ಕಲಿಯುತ್ತಾಳೆ ಎಂದು ಅವರಪ್ಪ ತಂದುಕೊಟ್ಟರು. ಕೊಟ್ಟ ದಿನವೇ ಒಂದು ಮಾತನ್ನೂ ಹೇಳಿದರು: ಕಡೇ ವರ್ಷದ ಪ್ರಾಜೆಕ್ಟು ಈ ಸಲ ಆಗಲೇಬೇಕು, ಆಗಲಿಲ್ಲ ಎಂದರೆ ಓದು ಅಲ್ಲಿಗೆ ನಿಂತಿತು, ಮನೆಯಲ್ಲಿದ್ದು ಸೊಪ್ಪು ಕೊಯ್ಯುವುದು. ಸಿಟ್ಟಿನಲ್ಲಿ ಹೇಳಿದ್ದಲ್ಲ. ಅವರು ಚಿಂತಾಮಣಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ಕಡತದ ಮೇಲೆ ಷರಾ ಬರೆದ ಹಾಗೆ ಮಾತಾಡುವವರು, ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸವಿಲ್ಲ.

ಹಳೆ ಸೀರೆಯಲ್ಲಿ ಅದಕ್ಕೊಂದು ಗೌಸು ಹೊಲಿದೆ. ಮೌಸು ಹಿಡಿಯುವುದನ್ನು ಕಲಿಯಲಿ ಎಂದು ಮಗಳು ನನಗೆ ಇಸ್ಪೀಟಿನ ಆಟ ಹಾಕಿಕೊಟ್ಟಳು. ಎದುರಿಗೆ ಯಾರೂ ಇಲ್ಲದೆ ಒಬ್ಬರೇ ಆಡುವ ಇಸ್ಪೀಟು. ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು ಇಟ್ಟುಕೊಂಡು ಹೋಗಬೇಕು. ಮೊದಲ ಸಲ ಎಲೆಗಳು ಕೂಡಿಬಂದಾಗ ಪರದೆಯ ತುಂಬ ಅವು ಚಿಮ್ಮಿದವು. ನಾನು ಏನೋ ಕೆಡಿಸಿಬಿಟ್ಟೆ ಎಂದು ಸ್ವಿಚ್ ಆರಿಸಿದೆ. ಆಮೇಲೆ ಚೌಕದ ಮನೆಗಳ ಕೆಳಗೆ ಬಾಂಬು ಹುದುಗಿಸಿರುವ ಆಟ. ಅದು ನನಗೆ ಹಿಡಿಸಿತು. ಸುತ್ತಲಿನ ಅಂಕಿಯನ್ನು ನೋಡಿ ಎಲ್ಲಿ ಕಾಲಿಡಬಾರದು ಎಂದು ಲೆಕ್ಕ ಹಾಕುವುದು. ಅವಸರ ಮಾಡಿದವರು ಸೋಲುತ್ತಾರೆ. ಕಾರು ಓಡಿಸುವ ಆಟದಲ್ಲಿ ನಾನು ಒಮ್ಮೆಯೂ ರಸ್ತೆಯ ಮೇಲೆ ಉಳಿಯಲಿಲ್ಲ.

ಅತ್ತೆ ಚಿಂತಾಮಣಿ ಆಚೆಯ ಗಡಿ ಊರಿನವರು, ಮಾತಿಗೆ ತೆಲುಗು ನುಸುಳುತ್ತಿತ್ತು. ನಾನು ಆಡುತ್ತಿದ್ದರೆ ಹಿಂದೆ ಬಂದು ನಿಂತು ನೋಡುವರು. “ಸೊಸೆಗೆ ಇಸ್ಪೀಟು, ಮೊಮ್ಮಗಳಿಗೆ ಕಾರು. ಬಾಗುಂದಿ. ನಾನೊಬ್ಬಳು ಕೋಳಿಪಂದ್ಯ ಕಟ್ಟಿಬಿಟ್ರೆ ಮನೆ ಪೂರ್ತಿ ಆಗುತ್ತೆ” ಎಂದಿದ್ದರು ಒಮ್ಮೆ.

ಮಳೆಗಾಲ ಕಳೆಯುವ ಹೊತ್ತಿಗೆ ಪ್ರಾಜೆಕ್ಟಿನ ವಿಷಯ ಬಂತು. ಇಬ್ಬಿಬ್ಬರು ಸೇರಿ ಒಂದು ಮಾಡಬೇಕು. ಮಗಳ ಜೊತೆಗಾತಿ ಗೌರಿಬಿದನೂರಿನ ಹುಡುಗಿ. ತಂದೆಗೆ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಕ್ಲಾಸಿನವರೆಲ್ಲ ಲೈಬ್ರರಿ, ಆಸ್ಪತ್ರೆ, ಸಂಬಳದ ಪಟ್ಟಿ ಎಂದು ಬರೆದುಕೊಟ್ಟರಂತೆ. ಇವರಿಬ್ಬರು ರೇಷ್ಮೆಹುಳು ಸಾಕುವ ಆಟ ಎಂದು ಬರೆದುಕೊಟ್ಟರು. ಆಟ ಎನ್ನುವುದು ಪ್ರಾಜೆಕ್ಟಾಗುತ್ತದೆಯೇ ಎಂದು ಅವರ ಮೇಷ್ಟ್ರು ಕೇಳಿ, ಹೊರಗಿನಿಂದ ಬರುವ ಪರೀಕ್ಷಕರು ಒಪ್ಪದಿದ್ದರೆ ತನ್ನನ್ನು ಅನ್ನಬಾರದು ಎಂದು ಹೇಳಿ ರುಜು ಹಾಕಿದರು. ಮನೆಯಲ್ಲಿ ಅವರಪ್ಪನಿಗೆ ಇದು ಹಿಡಿಸಲಿಲ್ಲ. ಲೈಬ್ರರಿ ಮಾಡಿದ್ದರೆ ಪಾಸು ಖಂಡಿತ ಎಂಬುದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಅಲ್ಲಿಂದ ನನ್ನ ಪಾಲಿನ ಕೆಲಸ ಶುರುವಾಯಿತು. ಮಗಳು ಈ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆ ಕೇಳುವಳು. ಹುಳು ಹಣ್ಣಾಗಿದೆ ಎಂದು ಹೇಗೆ ಗೊತ್ತಾಗುತ್ತದೆ? ನೋಡಿದರೆ ಗೊತ್ತಾಗುತ್ತದೆ ಎಂದೆ. ಕಂಪ್ಯೂಟರಿಗೆ ನೋಡಲು ಬರುವುದಿಲ್ಲ, ಬಿಡಿಸಿ ಹೇಳಬೇಕು ಎಂದಳು. ಮೈ ಹಳದಿಗೆ ತಿರುಗಿ ಬೆಳಕು ಹಾಯುತ್ತದೆ, ಸೊಪ್ಪು ಬಿಟ್ಟು ಅಂಚಿಗೆ ಹೋಗುತ್ತದೆ, ತಲೆ ಆಡಿಸುತ್ತದೆ ಎಂದು ಒಂದೊಂದೇ ಹೇಳಿದೆ. ಒದ್ದೆ ಸೊಪ್ಪು ಹಾಕಿದರೆ? ಭೇದಿ. ಎಷ್ಟು ಒದ್ದೆ, ಎಷ್ಟು ಹೊತ್ತಿಗೆ, ನೂರರಲ್ಲಿ ಎಷ್ಟು ಹುಳಕ್ಕೆ? ಇಪ್ಪತ್ತು ವರ್ಷದಿಂದ ಮಾಡುತ್ತಿದ್ದ ಕೆಲಸ. ನೂರರಲ್ಲಿ ಎಷ್ಟು ಎಂದು ಯಾರೂ ಕೇಳಿರಲಿಲ್ಲ. ಗಡಿಯಾರ ಕಟ್ಟಿಕೊಂಡು ಹುಳುಮನೆಯೊಳಗೆ ನಿಂತು, ರೆಂಬೆಯ ಎಲೆ ಖಾಲಿಯಾಗಲು ಎಷ್ಟು ನಿಮಿಷ ಎಂದು ನೋಡಿದ್ದೂ ಪುಸ್ತಕದಲ್ಲಿದೆ.

ಚಿತ್ರ ಬರೆಯುವ ಪಾಲು ಗೌರಿಬಿದನೂರಿನ ಹುಡುಗಿಯದು. ಶನಿವಾರ ಬಂದರೆ ಸೋಮವಾರ ಹೋಗುವಳು. ಕಡಿಮೆ ಮಾತು, ಊಟದಲ್ಲಿ ಸಂಕೋಚ. ಅವಳು ಬರೆದ ಮೊದಲ ಹುಳುವನ್ನು ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, “ಇದು ಬದನೆಕಾಯಿ ಪುರುಗು ಕಣಮ್ಮ. ಮಾರ್ಕೆಟ್ಟಿಗೆ ಹೊತ್ಕೊಂಡು ಹೋದ್ರೆ ಹೊಡೀತಾರೆ” ಎಂದರು. ಅವಳು ರೇಷ್ಮೆಹುಳುವನ್ನು ಹತ್ತಿರದಿಂದ ನೋಡಿರಲೇ ಇಲ್ಲ. ಹೊರಗಿನವರನ್ನು ಹುಳುಮನೆಯೊಳಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ರೋಗ ಬರುತ್ತದೆ ಎಂಬುದೊಂದು, ಕಣ್ಣು ಬೀಳುತ್ತದೆ ಎಂಬುದು ಇನ್ನೊಂದು. ಕಡೆಗೆ ಅತ್ತೆಯೇ ಒಂದು ತಟ್ಟೆಯಲ್ಲಿ ಎಲೆ ಹಾಸಿ, ನಾಲ್ಕು ಹುಳು ಇಟ್ಟು ಜಗುಲಿಗೆ ತಂದರು. ಅವಳು ಅರ್ಧ ದಿನ ಅದರ ಮುಂದೆ ಕೂತಿದ್ದಳು. ಅವಳು ಬರೆದ ಎರಡನೇ ಹುಳುವಿಗೆ ಬಾಲದ ಹತ್ತಿರ ಮುಳ್ಳೂ ಬಂತು, ಬೆನ್ನಿನ ಮೇಲೆ ಮಚ್ಚೆಯೂ ಬಂತು. ತಟ್ಟೆಯ ನಾಲ್ಕು ಹುಳು ಮತ್ತೆ ಒಳಗೆ ಹೋಗಲಿಲ್ಲ, ಕೋಳಿಗೆ ಹೋದವು.

ಜಗಳ ಬಂದದ್ದು ಜ್ವರದ ವಿಷಯಕ್ಕೆ. ಆಟದಲ್ಲಿ ಒಂದು ದಿನಕ್ಕೆ ಅರ್ಧ ನಿಮಿಷ. ಸೊಪ್ಪು ಹಾಕುವುದು, ಕಸ ತೆಗೆಯುವುದು, ಕಿಟಕಿ ತೆರೆಯುವುದು, ಹುಳದ ಮೇಲೆ ಮೊಟ್ಟೆಯಿಡುವ ಊಜಿ ನೊಣ ಬಂದರೆ ಓಡಿಸುವುದು, ಎಲ್ಲಕ್ಕೂ ಒಂದೊಂದು ಗುಂಡಿ ಒತ್ತಬೇಕು. ಮಗಳು ಜ್ವರವನ್ನೇ ಬಿಟ್ಟಿದ್ದಳು. ಯಾಕೆಂದು ಕೇಳಿದೆ.

“ಆಟದಲ್ಲಿ ಸುಮ್ನೆ ಕೂತ್ಕೊಳ್ಳೋದು ಅಂತ ಇರಲ್ಲಮ್ಮ. ಯಾರಾದ್ರೂ ಎದ್ದು ಹೋಗ್ತಾರೆ.”

“ಹುಳ ಅಂದ್ಮೇಲೆ ಜ್ವರ ಇರಬೇಕು ಕಣೇ. ಇಲ್ದಿದ್ರೆ ಅದು ಕುರಿ ಮೇಯಿಸೋ ಆಟ.”

ಅವಳು ಅರ್ಧ ನಿಮಿಷ ಕೊಟ್ಟಳು. ಸಾಲದು ಎಂದೆ. ಜ್ವರದ ದಿನ ಬೇರೆ ದಿನಕ್ಕಿಂತ ಉದ್ದ; ಸಾಕಿದವರಿಗೆ ಗೊತ್ತು. ಎರಡು ನಿಮಿಷ ಬೇಕು, ಆ ಹೊತ್ತಿನಲ್ಲಿ ಯಾರಾದರೂ ತಡೆಯಲಾರದೆ ಸೊಪ್ಪು ಹಾಕಿದರೆ ಬೆಳೆ ಏರುಪೇರಾಗಬೇಕು ಎಂದು ಹಟ ಹಿಡಿದೆ. ನಾನು ಯಾವುದಕ್ಕೂ ಹಟ ಹಿಡಿಯುವವಳಲ್ಲ. ಆ ಎರಡು ನಿಮಿಷಕ್ಕೆ ಹಿಡಿದೆ. ಮಗಳು ಒಂದು ವಾರ ಬಿಗಿದುಕೊಂಡಿದ್ದಳು. ಆಮೇಲೆ ಅಜ್ಜಿ ಆಡಿ ನೋಡಲಿ, ಅವರು ಹೇಳಿದಂತಾಗಲಿ ಎಂದಳು.

ಅವರೆಕಾಯಿ ಕಾಲ. ಅತ್ತೆ ಮೊರದ ತುಂಬ ಕಾಯಿ ಇಟ್ಟುಕೊಂಡು ಕಂಪ್ಯೂಟರಿನ ಮುಂದೆ ಕುಳಿತರು. ಮೌಸು ಬೇಡ, ಗುಂಡಿ ಸಾಕು ಎಂದರು. ಮೂರನೇ ಜ್ವರ ಬಂತು. ಹುಳು ನಿಂತವು. ಅವರು ಗುಂಡಿಯಿಂದ ಕೈ ತೆಗೆದು ಅವರೆಕಾಯಿ ಸುಲಿಯಲು ಶುರುಮಾಡಿದರು. ಪರದೆಯ ಕಡೆ ನೋಡಲಿಲ್ಲ. ಎರಡು ನಿಮಿಷಕ್ಕೆ ಹುಳು ಎದ್ದು ತಲೆ ಆಡಿಸಿದವು. ಆಗಲೂ ಅವರು ಸೊಪ್ಪು ಹಾಕದೆ, ಹಿಂದೆ ಉಳಿದ ಮೂರ್ನಾಲ್ಕು ಏಳಲಿ ಎಂದು ಕಾದು, ಆಮೇಲೆ ಹಾಕಿದರು. ರೇಷ್ಮೆಗೂಡು ತುಂಬಿ ಬಂತು. ಮಗಳು ಅಜ್ಜಿಯ ಕೈಯನ್ನೇ ನೋಡುತ್ತಾ ನಿಂತಿದ್ದಳು. ಜ್ವರದ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಊರಿನಲ್ಲಿ ಮತ್ತೂ ನಾಲ್ಕಾರು ಜನ ಬಂದು ಆಡಿದರು. ಎಲ್ಲರೂ ಜ್ವರದಲ್ಲಿ ಕೈಕಟ್ಟಿ ಕೂತರು. ಒಬ್ಬಾಕೆ ಎದ್ದು ಹೋಗಿ ಎಲೆ ಅಡಿಕೆ ಹಾಕಿಕೊಂಡು ಬಂದಳು. ಹಾಗಾಗಿ ನಮಗಾರಿಗೂ ಒಂದು ವಿಷಯ ಹೊಳೆಯಲಿಲ್ಲ. ಅದು ಹೊಳೆದದ್ದು ಪರೀಕ್ಷೆಯ ದಿನ.

ಕಾಲೇಜಿನ ಮೆಶೀನುಗಳಲ್ಲಿ ನಮ್ಮ ಆಟದ ಚಿತ್ರಗಳು ಬರಲಿಲ್ಲ. ನಿಮ್ಮದೇ ಪೆಟ್ಟಿಗೆ ತನ್ನಿ ಎಂದು ಮೇಷ್ಟ್ರು ಹೇಳಿದರು. ಮನೆಯವರ ಕಚೇರಿ ಎದುರು ದಿಕ್ಕಿಗೆ, ರಜೆ ಇರಲಿಲ್ಲ. ಅವತ್ತು ಹುಳು ಜ್ವರಕ್ಕೆ ಕೂತದ್ದರಿಂದ ನಾನು ಹೊರಟೆ. ಬೇರೆ ದಿನವಾಗಿದ್ದರೆ ಹೋಗಲಾಗುತ್ತಿರಲಿಲ್ಲ. ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿ, ಸೀಟು ಹಿಡಿದು, ದುಪ್ಪಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡೆ. ಪಕ್ಕದಲ್ಲಿದ್ದವರು ಗೂಡಿನ ಗಂಟೆಂದು ತಿಳಿದು, ಗೂಡಿನ ಮಾರ್ಕೆಟ್ಟು ಹಿಂದೆ ಹೋಯ್ತಲ್ಲಮ್ಮ ಎಂದರು. ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ದಾರಿಯುದ್ದಕ್ಕೂ ಒಂದೇ ಒಂದು ಮಾತು ಕೇಳಿದಳು: “ಆಗಲಿಲ್ಲಾಂದ್ರೆ ಅಪ್ಪಂಗೆ ನೀನು ಹೇಳ್ತೀಯಾ, ನಾನು ಹೇಳ್ಬೇಕಾ?” ನಾನು ಹೇಳುತ್ತೇನೆ ಎಂದೆ.

ಗೌರಿಬಿದನೂರಿನ ಹುಡುಗಿ ಆಗಲೇ ಬಂದು ಕಾಯುತ್ತಿದ್ದಳು. ಹೆತ್ತವರಿಗೆ ಒಳಗೆ ಪ್ರವೇಶವಿಲ್ಲ. ಪೆಟ್ಟಿಗೆ ಹೊತ್ತು ತಂದವಳು ಎಂದು ಅಟೆಂಡರ್ ನನ್ನನ್ನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿದ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಐವತ್ತರ ಆಸುಪಾಸಿನವರು, ದೂರದ ಊರಿನವರಂತೆ. ಮಾತಿನಲ್ಲಿ ಒರಟಿರಲಿಲ್ಲ. ಆಟ ಎಂದಾಗ ಒಂದು ಸಲ ಕನ್ನಡಕದ ಮೇಲಿನಿಂದ ನೋಡಿ, ತಾವೇ ಆಡಲು ಕುಳಿತರು. ಸೊಪ್ಪು ಹಾಕಿದರು, ಕಸ ತೆಗೆದರು, ನೊಣ ಓಡಿಸಿದರು. ಮುಖದಲ್ಲಿ ಸ್ವಲ್ಪ ನಗುವೂ ಬಂತು. ನಾಲ್ಕು ದಿನ ಕಳೆದು ಮೂರನೇ ಜ್ವರ ಬಂತು.

ಹುಳು ನಿಂತವು. ಅವರು ಸೊಪ್ಪಿನ ಗುಂಡಿ ಒತ್ತಿದರು. ಸೊಪ್ಪು ಬಿತ್ತು, ಹುಳು ತಿನ್ನಲಿಲ್ಲ. ಮತ್ತೆ ಒತ್ತಿದರು. ಒತ್ತುತ್ತಲೇ ಹೋದರು, ಪರದೆಯ ಮೇಲೆ ಸೊಪ್ಪು ರಾಶಿ ಬಿತ್ತು. “ಹ್ಯಾಂಗ್ ಆಗಿದೆ” ಎಂದು ಅವರೇ ಮೆಶೀನು ಆರಿಸಿ ಹಚ್ಚಿದರು. ಎರಡನೇ ಸಲವೂ ಅದೇ ಜಾಗಕ್ಕೆ ಬಂದು ಹುಳು ನಿಂತವು, ಅವರು ಆಗಲೂ ಸೊಪ್ಪಿನ ಗುಂಡಿ ಒತ್ತಿದರು.

“ನೋಡಮ್ಮ, ಒಂದೇ ಜಾಗದಲ್ಲಿ ಎರಡು ಸಲ ನಿಂತಿತು. ಟೆಸ್ಟ್ ಮಾಡಿರಲಿಲ್ಲವೇ?”

ಹುಳು ಜ್ವರಕ್ಕೆ ಕೂತಿವೆ ಎಂದು ಪರದೆಯ ಮೇಲೆ ಎಲ್ಲೂ ಬರೆದಿರಲಿಲ್ಲ. ಹೊಳೆಯದೆ ಉಳಿದಿದ್ದ ವಿಷಯ ಇದೇ. ಮಾಡಿದವರಿಗೆ ಗೊತ್ತಿತ್ತು, ಆಡಿ ನೋಡಿದವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರೂ ಇರುತ್ತಾರೆ ಎಂಬುದು ತಲೆಗೆ ಬಂದಿರಲಿಲ್ಲ. ಜ್ವರದಲ್ಲಿ ನಿಂತ ಹುಳುವಿಗೆ ನಿಂತಿದೆ ಎಂದು ಬೋರ್ಡು ಹಾಕುವವರು ನಮ್ಮ ಕಡೆ ಯಾರಿದ್ದಾರೆ.

ಮಗಳು ಪ್ರಾಜೆಕ್ಟಿನ ಹಾಳೆಗಳನ್ನು ತಿರುವಿಹಾಕುತ್ತಿದ್ದಳು. ಜೊತೆಗಾತಿ ನೆಲ ನೋಡುತ್ತಿದ್ದಳು. ಮೇಷ್ಟ್ರು ಮೊದಲೇ ಹೇಳಿದ್ದೆ ಎಂಬಂತೆ ಕಿಟಕಿಯ ಕಡೆ ತಿರುಗಿದ್ದರು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ಎರಡು ನಿಮಿಷ ಬೇಕೆಂದವಳು ನಾನು. ಸ್ಟೂಲಿನಿಂದ ಎದ್ದೆ.

“ಸರ್, ಅವು ಕೆಟ್ಟಿಲ್ಲ. ಪೊರೆ ಬಿಡೋಕೆ ಕೂತಿವೆ. ಸ್ವಲ್ಪ ಸುಮ್ನೆ ಬಿಡಿ, ಏಳ್ತವೆ.”

ಅವರು ತಿರುಗಿ ನೋಡಿದರು. ಇವರು ಯಾರು ಎಂದು ಕೇಳಲಿಲ್ಲ. ಅಟೆಂಡರ್ ಬಾಗಿಲಿಗೆ ಒರಗಿಕೊಂಡೇ, ಹೌದು ಸಾರ್, ಜ್ವರದಲ್ಲಿ ಸೊಪ್ಪು ಹಾಕಂಗಿಲ್ಲ ಎಂದ. ಪರೀಕ್ಷಕರು ಪೆನ್ನನ್ನು ಹಾಗೆಯೇ ಹಿಡಿದುಕೊಂಡು ಪರದೆ ನೋಡುತ್ತಾ ಕುಳಿತರು. ಫ್ಯಾನು ತಿರುಗುತ್ತಿತ್ತು. ಮನೆಯಲ್ಲಿ ಆ ಎರಡು ನಿಮಿಷ ಒಂದು ಮೊರ ಅವರೆಗೆ ಸಾಲುತ್ತಿರಲಿಲ್ಲ. ಅಲ್ಲಿ ಮುಗಿಯುವಂತೆಯೇ ಕಾಣಲಿಲ್ಲ. ಮಗಳು ಹೇಳಿದ್ದು ಸರಿಯಿರಬಹುದು, ಅರ್ಧ ನಿಮಿಷ ಸಾಕಿತ್ತು ಎಂದು ನನಗೂ ಅನ್ನಿಸಿತು. ಕರೆಂಟು ಹೋಗದಿದ್ದರೆ ಸಾಕು ಎಂದುಕೊಂಡೆ.

ಹುಳು ಎದ್ದವು. ಆದರೆ ಜ್ವರದಲ್ಲಿ ಅವರು ಸೊಪ್ಪು ಹಾಕಿದ್ದರಿಂದ ಸಾಲು ಏರುಪೇರಾಗಿತ್ತು. ಕೆಲವು ದಪ್ಪ, ಕೆಲವು ಕಡ್ಡಿ. ಅವರು ಪೆನ್ನಿನ ತುದಿಯಿಂದ ಸಣ್ಣ ಹುಳುವೊಂದನ್ನು ಮುಟ್ಟಿ, ಇದೇಕೆ ಹೀಗೆ ಎಂದರು. ಆಗ ಮಗಳು ಮುಂದೆ ಬಂದಳು. ಮುಂಚೆ ಎದ್ದವು, ಹಿಂದೆ ಉಳಿದವು, ಯಾವ ಲೆಕ್ಕದಲ್ಲಿ ಇಳುವರಿ ಎಷ್ಟು ಇಳಿಯುತ್ತದೆ, ಎಲ್ಲವನ್ನೂ ಹೇಳಿದಳು. ನನ್ನಿಂದ ಹಿಂಡಿ ತೆಗೆದ ನೂರರಲ್ಲಿ ಎಷ್ಟು ಎಂಬ ಅಂಕಿಗಳು ಅವಳ ಬಾಯಲ್ಲಿ ಸಲೀಸಾಗಿ ಬಂದವು. ನಾನು ವಾಪಸು ಸ್ಟೂಲಿಗೆ ಹೋದೆ.

“ಅಂದರೆ ನನ್ನ ಬೆಳೆ ಹೋಯಿತು” ಎಂದರು ಅವರು.

“ಪೂರ್ತಿ ಹೋಗಿಲ್ಲ ಸರ್. ಅರ್ಧ ಗೂಡು ಬರುತ್ತೆ.”

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಗೊತ್ತಿಲ್ಲದವನೂ ಆಡುತ್ತಾನೆ ಎಂದುಕೊಂಡು ಆಟ ಮಾಡಬೇಕು, ಇದು ತಪ್ಪು, ಇದಕ್ಕೆ ಅಂಕ ಕಡಿಯುತ್ತೇನೆ ಎಂದರು. ಊಟ ಮಾಡಿ ಬರುತ್ತೇನೆ, ಅಷ್ಟರಲ್ಲಿ ಸರಿಮಾಡಿ ಇಡಿ ಎಂದು ಎದ್ದರು. ಹೋಗುವಾಗ ನನ್ನ ಹತ್ತಿರ ಒಂದು ಕ್ಷಣ ನಿಂತು, ನಿಜವಾದ ಹುಳು ಎಷ್ಟು ಹೊತ್ತು ಹಾಗೆ ಇರುತ್ತವೆ ಎಂದು ಕೇಳಿದರು. ಇಡೀ ದಿನ ಎಂದೆ. ಅಷ್ಟು ಹೊತ್ತು ನೀವೇನು ಮಾಡುತ್ತೀರಿ ಎಂದರು. ಇವತ್ತು ಇಲ್ಲಿಗೆ ಬಂದೆ ಎಂದೆ.

ಹುಡುಗಿಯರು ಡಬ್ಬಿ ತೆರೆಯಲಿಲ್ಲ. ಕನ್ನಡ ಅಕ್ಷರ ಆ ಆಟದಲ್ಲಿ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದರು: ಹುಳು ಜ್ವರಕ್ಕೆ ಕೂತಿವೆ, ಪೊರೆ ಬಿಡುವ ತನಕ ಸೊಪ್ಪು ಹಾಕಬೇಡಿ. ಅದರ ಕೆಳಗೆ ಉಳಿದ ಹೊತ್ತು ತೋರಿಸುವ ಒಂದು ಗೆರೆ. ಎರಡು ನಿಮಿಷವನ್ನು ಕಡಿಮೆ ಮಾಡಲೇ ಎಂದು ಮಗಳು ಬಾಗಿಲಿಗೆ ಬಂದು ಕೇಳಿದಳು. ನಿನ್ನಿಷ್ಟ ಎಂದೆ. ಒಳಗೆ ಹೋದಳು, ಕಡಿಮೆ ಮಾಡಲಿಲ್ಲ.

ಪರೀಕ್ಷಕರು ಬಂದು ಮೊದಲಿನಿಂದ ಆಡಿದರು. ಎರಡು ಜ್ವರದಲ್ಲೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಗೂಡು ಬಂದಾಗ ಹಾಳೆಯ ಮೇಲೆ ಅಂಕ ಹಾಕಿ ರುಜು ಮಾಡಿದರು. ಅಂಕ ಎಷ್ಟೆಂದು ಹೇಳುವ ಹಾಗಿಲ್ಲ. ಆದರೆ ಮೇಷ್ಟ್ರು ಹಾಳೆ ತೆಗೆದುಕೊಳ್ಳುವಾಗ ಮಗಳ ಕಡೆ ನೋಡಿ ತಲೆಯಾಡಿಸಿದರು. ಆಯಿತು ಎಂದು ಅಷ್ಟರಲ್ಲೇ ತಿಳಿಯಿತು. ಗೌರಿಬಿದನೂರಿನ ಹುಡುಗಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಮೊಸರನ್ನದ ಡಬ್ಬಿಯನ್ನು ಸಂಕೋಚವಿಲ್ಲದೆ ಖಾಲಿ ಮಾಡಿದಳು.

ಆ ಪೆಟ್ಟಿಗೆ ಆಮೇಲೆ ಮೂರು ವರ್ಷ ನಡೆದು ಸುಟ್ಟುಹೋಯಿತು. ಆಟವೂ ಅದರೊಳಗೇ ಹೋಯಿತು, ಸಿ.ಡಿ. ಒಂದಿತ್ತು, ಅದರ ಮೇಲೆ ಗೆರೆ ಬಿದ್ದು ಓದುವುದಿಲ್ಲ. ನನಗೆ ಮತ್ತೆ ಆಟ ಆಡುವ ಪ್ರಮೇಯ ಬರಲಿಲ್ಲ.

ಅವತ್ತು ಊರು ಸೇರಿದಾಗ ಸಂಜೆ ಐದೂವರೆ. ಕೈಕಾಲು ತೊಳೆದು, ಸೀರೆ ಬದಲಿಸಿ, ಮೊದಲು ಹುಳುಮನೆಗೆ ಹೋದೆ. ಹುಳು ಇನ್ನೂ ಎದ್ದಿರಲಿಲ್ಲ. ಅಂಚಿನಲ್ಲಿ ನಾಲ್ಕೈದು ಮಾತ್ರ ಹೊಸ ಚರ್ಮದಲ್ಲಿ ಹಸಿದು ತಲೆ ಆಡಿಸುತ್ತಿದ್ದವು. ಅತ್ತೆ ಅವಕ್ಕೆ ಒಂದು ಎಲೆಯನ್ನೂ ಹಾಕಿರಲಿಲ್ಲ. ಮನೆಯವರು ಬಂದು ಚಪ್ಪಲಿ ಬಿಡುತ್ತಾ ಮಗಳ ಮುಖ ನೋಡಿದರು. ಆಗಲಿಲ್ಲ ಎಂದು ಹೇಳುವುದನ್ನು ನಾನು ಒಪ್ಪಿಕೊಂಡಿದ್ದೆ, ಆಯಿತು ಎಂದು ಅವಳೇ ಹೇಳಿದಳು. ಅವರು ಹೂಂ ಎಂದು ಒಳಗೆ ಹೋಗಿ, ದುಪ್ಪಟಿ ಬಿಚ್ಚಿ, ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟು, ವೈರುಗಳನ್ನು ಒಂದೊಂದಾಗಿ ಸಿಕ್ಕಿಸಿ, ಗೌಸು ಹಾಕಿದರು.

ಹುರುಳಿಕಾಳಿನ ಬಸ್ಸಾರು, ಮುದ್ದೆ, ಮಧ್ಯಾಹ್ನ ಮಿಕ್ಕಿದ್ದ ಮಾವಿನಕಾಯಿ ಗೊಜ್ಜು. ಮಗಳು ಎರಡನೇ ಮುದ್ದೆ ಕೇಳಿದಳು, ಬಹಳ ದಿನವಾಗಿತ್ತು. ಅದನ್ನು ಅರ್ಧ ಉಂಡು, ಕೈ ತೊಳೆದು ಬಂದು, ಅಜ್ಜಿಯ ಮಂಚದ ಮೇಲೆ ಒರಗಿದವಳು ಹಾಗೇ ನಿದ್ದೆ ಹೋದಳು. ಏಳೂ ಆಗಿರಲಿಲ್ಲ. ಅತ್ತೆ ಅವಳನ್ನು ಎಬ್ಬಿಸಬೇಡ ಎಂದು ಸನ್ನೆ ಮಾಡಿ, ತಟ್ಟೆಗಳನ್ನು ಸದ್ದಾಗದಂತೆ ಒಂದರ ಮೇಲೊಂದು ಇಟ್ಟರು.